ಅಜ್ಜನ ಕುರ್ಚಿಗೆ ಮೊಮ್ಮಗನ ಮನೆಯಲ್ಲಿ ಎಡೆ

ಹಳೆಯ ಮನೆಯೊಂದು ಪಾಲಾಗುವಾಗ ಗದ್ದೆ, ತೋಟ, ಒಡವೆ, ಪಾತ್ರೆಗಳ ಲೆಕ್ಕ ಮೊದಲು ಮುಗಿಯುತ್ತದೆ. ಅಡಕೆಯ ಮರಗಳನ್ನು ಒಂದೊಂದಾಗಿ ಎಣಿಸಿ ಹಂಚಿಕೊಂಡ ಅಣ್ಣತಮ್ಮಂದಿರೂ ಉಂಟು. ಕಟ್ಟಕಡೆಗೆ ಉಳಿಯುವುದು ಪಡಸಾಲೆಯ ತೂಗುಮಂಚ, ಅಟ್ಟದ ಮೇಲಿನ ಬೀಟೆಯ ಪೆಟ್ಟಿಗೆ, ತೋಳು ಸಡಿಲವಾದ ಒಂದು ಆರಾಮ ಕುರ್ಚಿ. ಇವು ಯಾರಿಗೂ ಬೇಡ. ಹಿರಿಯವನ ಸಂಸಾರ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ. ಕಿರಿಯವನದು ಬೆಂಗಳೂರಿನಲ್ಲಿ, ನಾಲ್ಕನೆಯ ಅಂತಸ್ತಿನ ಮೇಲೆ. ಮಗಳು ಇರುವುದು ಸಮುದ್ರದಾಚೆ. "ಇದನ್ನೆಲ್ಲ ಎಲ್ಲಿಡುವುದು?" ಎಂಬ ಪ್ರಶ್ನೆಗೆ ಉತ್ತರ ಕೊಡಲು ಗುಜರಿಯ ವ್ಯಾಪಾರಿ ಲಾರಿಯೊಡನೆಯೆ ಬಂದು ನಿಂತಿರುತ್ತಾನೆ. ಅವನು ಹೇಳಿದ್ದೇ ಬೆಲೆ.

ಎರಡು ವರ್ಷ ಕಳೆದ ಮೇಲೆ ಕಿರಿಯವನ ಹೆಂಡತಿ ಶಿವಾಜಿನಗರದ ಅಂಗಡಿಯೊಂದರಲ್ಲಿ ಅಂಥದೇ ಕುರ್ಚಿಯನ್ನು ಕಾಣುತ್ತಾಳೆ. ತೋಳು ಬಿಗಿಯಾಗಿದೆ, ಹೊಸ ಬೆತ್ತ ಹೆಣೆದಿದೆ, ಮರ ಕನ್ನಡಿಯಂತೆ ಹೊಳೆಯುತ್ತಿದೆ. "ನಮ್ಮ ಮಾವನವರದೂ ಹೀಗೆಯೆ ಇತ್ತು" ಎಂದು ಆಕೆ ಗಂಡನಿಗೆ ಹೇಳುತ್ತಾಳೆ. ಬೆಲೆ ಕೇಳಿ ಇಬ್ಬರೂ ಒಮ್ಮೆ ಮುಖ ನೋಡಿಕೊಳ್ಳುತ್ತಾರೆ; ಆದರೂ ಕೊಳ್ಳುತ್ತಾರೆ. ಅದು ಪರರ ಅಜ್ಜನ ಕುರ್ಚಿ. ಇಷ್ಟರಮೇಲೆ, ಮನೆಗೆ ತಂದಾಗ ಅದು ಲಿಫ್ಟಿನೊಳಗೆ ಹಿಡಿಸದೆ ಇದ್ದರೆ ಕೂಲಿಯವರಿಗೆ ಮೆಟ್ಟಿಲ ಲೆಕ್ಕದಲ್ಲಿ ಕೊಡಬೇಕು!

ಇಂಥ ವ್ಯಾಪಾರ ಮಲೆನಾಡು, ಕರಾವಳಿಗಳಲ್ಲಿ ವರ್ಷವಿಡೀ ನಡೆದಿದೆ. ಹಳೆಯ ಮರದ ಸಾಮಾನಿನ ಮೇಲೆ ಈಗ ಎಲ್ಲರಿಗೂ ಮೋಹ. ೧೯೬೦ರ ದಶಕದಲ್ಲಿ ಉಕ್ಕಿನ ಬೀರು, ಮಡಿಸುವ ಉಕ್ಕಿನ ಕುರ್ಚಿ, ಸನ್‌ಮೈಕ ಹೊದಿಸಿದ ಮೇಜುಗಳು ಹೊಸ ನಾಗರಿಕತೆಯ ಲಾಂಛನಗಳಾಗಿ ಮನೆಗೆ ಬಂದಾಗ ಬೀಟೆಯ ಮಂಚಗಳು ಹಿತ್ತಿಲಿನ ಕೊಟ್ಟಿಗೆಯನ್ನು ಸೇರಿದವು. ಇಂದು ಅದೇ ಮಂಚಗಳು ಹೋಟೆಲುಗಳ ಮೊಗಸಾಲೆಯಲ್ಲಿವೆ. ಮೋಹ ತಪ್ಪೇನೂ ಅಲ್ಲ. ಆದರೆ ಸಾಮಾನನ್ನು ಮೊದಲು ಕೊಂಡು, ಆಮೇಲೆ ಅದಕ್ಕೊಂದು ಮೂಲೆ ಹುಡುಕುವುದು ತಲೆಕೆಳಗಾದ ಕ್ರಮ. ಯಾವ ಹಳೆಯ ವಸ್ತು ಬೇಕೆಂಬುದನ್ನು ಮನೆಯೇ ಹೇಳಬೇಕು. ವಸ್ತುವಿನ ವಯಸ್ಸಾಗಲಿ ಅಂಗಡಿಯವನ ನಾಲಗೆಯಾಗಲಿ ಹೇಳಬಾರದು.

ಮೊದಲು ಅಳತೆಪಟ್ಟಿ

ತೊಟ್ಟಿಮನೆಯ ಪಡಸಾಲೆಗೆಂದು ಮಾಡಿದ ಸಾಮಾನು ಇಂದಿನ ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಆನೆಯನ್ನು ಕಟ್ಟಿದಂತೆ ಕಾಣುತ್ತದೆ. ಕಾಫಿ ತೋಟದ ದೊರೆಗಳು ಕಾಲು ಚಾಚಿ ಮಲಗುತ್ತಿದ್ದ ಉದ್ದತೋಳಿನ ಕುರ್ಚಿಯನ್ನೇ ನೋಡಿರಿ. ತೋಳಿನ ಅಡಿಯ ಹಲಗೆಯನ್ನು ಮುಂದಕ್ಕೆ ತಿರುಗಿಸಿದರೆ ಅದು ಸುಮಾರು ಐದಡಿ ಉದ್ದದ ನೆಲವನ್ನು ಬೇಡುತ್ತದೆ. ಅದರ ಮುಂದೆ ಓಡಾಡಲು ಇನ್ನೂ ಎರಡಡಿ ಬೇಕು. ಜಗಲಿ ಇದ್ದವರಿಗೆ ಅದಕ್ಕಿಂತ ಸುಖದ ಆಸನ ಇನ್ನೊಂದಿಲ್ಲ. ಜಗಲಿ ಇಲ್ಲದವರ ಮನೆಯಲ್ಲಿ ಅದು ಒಗೆದ ಬಟ್ಟೆ ರಾಶಿ ಹಾಕುವ ಜಾಗವಾಗುತ್ತದೆ. ಮತ್ತೊಂದು ಮಾತು: ಅದರ ಆಸನ ತಗ್ಗು, ಬೆನ್ನು ಹಿಂದಕ್ಕೆ ಬಹಳ ಒರಗಿರುತ್ತದೆ. ಮಂಡಿನೋವಿನ ವೃದ್ಧರು ಅದರಲ್ಲಿ ಕುಳಿತುಕೊಳ್ಳುವುದು ಸುಲಭ, ಏಳುವುದು ಕಷ್ಟ. ಯಾರಿಗಾಗಿ ಕೊಳ್ಳುತ್ತಿದ್ದೀರೋ ಅವರನ್ನೇ ಕರೆದೊಯ್ದು ಒಮ್ಮೆ ಕೂರಿಸಿ ಎಬ್ಬಿಸುವುದು ಲೇಸು.

ಕೊಳ್ಳುವ ಮುನ್ನ ಮಾಡಬಹುದಾದ ಒಂದು ಸುಲಭೋಪಾಯವುಂಟು. ಮಂಚವೋ ಮೇಜೋ ಎಷ್ಟು ಉದ್ದ ಅಗಲವೋ ಅಷ್ಟೇ ಅಳತೆಗೆ ಹಳೆಯ ವೃತ್ತಪತ್ರಿಕೆಗಳನ್ನು ಜೋಡಿಸಿ ಅಂಟಿಸಿ, ಅದು ನಿಲ್ಲಬೇಕಾದ ಜಾಗದಲ್ಲಿ ಹಾಸಿ ಎರಡು ದಿನ ಬಿಡಬೇಕು. ಮನೆಯವರೆಲ್ಲ ಅದನ್ನು ತುಳಿಯದೆ ಬಳಸಿ ನಡೆಯುವಂತಾದರೆ ಸಾಮಾನಿಗೆ ಎಡೆಯುಂಟು. ಮಕ್ಕಳು ಹತ್ತು ಸಲ ತುಳಿದು ಹರಿದರೆ, ಆ ಜಾಗ ಓಡಾಟಕ್ಕೇ ಬೇಕಾದದ್ದು ಎಂದು ತಿಳಿಯಬೇಕು.

ಇನ್ನು ದಾರಿಯ ಅಳತೆ. ಅನೇಕ ಕಟ್ಟಡಗಳಲ್ಲಿ ಲಿಫ್ಟಿನ ಬಾಗಿಲು ಮೂರಡಿ ಅಗಲವೂ ಇರುವುದಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಉದ್ದನೆಯ ಕಪಾಟು ಹೊರಳುವುದಿಲ್ಲ. ಬಿಚ್ಚಿ ಕೂಡಿಸಬಹುದಾದ ಮಂಚವನ್ನು ಎಲ್ಲಿಗಾದರೂ ಒಯ್ಯಬಹುದು. ಒಂದೇ ಕಟ್ಟಿನ ಬೀರುವನ್ನು ಆಗದು. ತೂಕವನ್ನೂ ಮರೆಯಲಾಗದು. ಒಣಗಿದ ಬೀಟೆಮರ ಘನ ಅಡಿಗೆ ಸುಮಾರು ೨೪ ಕಿಲೋ ತೂಗುತ್ತದೆ. ತೇಗ ಸುಮಾರು ೧೮ ಕಿಲೋ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪೆಟ್ಟಿಗೆಯೊಂದನ್ನು ಒಂದಂಗುಲ ದಪ್ಪದ ಬೀಟೆಯ ಹಲಗೆಯಲ್ಲಿ ಮಾಡಿದ್ದರೆ ಬರಿಯ ಮರವೇ ಸುಮಾರು ೮೦ ಕಿಲೋ ಆಗುತ್ತದೆ. ಬಾಡಿಗೆಯ ಮನೆಗಳನ್ನು ಬದಲಿಸುತ್ತಿರುವ ಸಂಸಾರಕ್ಕೆ ಇದು ಹೇಳಿದ ಸಾಮಾನಲ್ಲ.

ತೂಗುಮಂಚದ ವಿಚಾರವಂತೂ ಪ್ರತ್ಯೇಕ. ಹಳೆಯ ಮನೆಯಲ್ಲಿ ಅದು ಮರದ ತೊಲೆಗೆ ತೂಗುತ್ತಿತ್ತು. ಇಂದಿನ ತಾರಸಿಯಲ್ಲಿ ಗಾರೆಯೊಳಗೆ ಕೊಕ್ಕೆ ಸಿಕ್ಕಿಸಿ ನಾಲ್ಕು ಜನ ಕುಳಿತರೆ ಅನಾಹುತ. ಕೊಕ್ಕೆ ಕಾಂಕ್ರೀಟಿನ ತೊಲೆಗೆ ಇಲ್ಲವೆ ತಾರಸಿಯ ಒಳಗಿನ ಕಬ್ಬಿಣಕ್ಕೆ ಕಚ್ಚಿರಬೇಕು. ಇದನ್ನು ಬಲ್ಲ ಇಂಜಿನಿಯರರನ್ನು ಕೇಳಿಯೇ ಮಾಡಿಸಬೇಕು. ಮಂಚದ ಹಿಂದೂ ಮುಂದೂ ಮೂರು ಮೂರಡಿ ಬಯಲಿರಬೇಕು. ಇಷ್ಟು ಅನುಕೂಲವಿದ್ದರೆ, ಸೋಫಾ ಎಂಬುದು ಬೇಡವೇ ಬೇಡ. ಹಗಲು ಕೂಡಲು, ರಾತ್ರಿ ಬಂದ ನೆಂಟರೊಬ್ಬರು ಮಲಗಲು, ಮಗುವನ್ನು ತೂಗಲು ಎಲ್ಲಕ್ಕೂ ಅದೊಂದೇ ಸಾಕು.

ವಯಸ್ಸಿನ ಮಾತು

ಅಂಗಡಿಗಳಲ್ಲಿ ಮುನ್ನೂರು ವರ್ಷಕ್ಕೆ ಕಡಮೆಯಾದ ವಸ್ತುವೇ ಇರುವುದಿಲ್ಲ. ವರ್ತಕನ ಮಾತನ್ನು ನಂಬುವ ಮುನ್ನ ನಮ್ಮ ಭಾಷೆಯ ಸಾಕ್ಷಿಯನ್ನು ಕೇಳಬೇಕು. ಮಣೆ, ತೊಟ್ಟಿಲು, ಪೆಟ್ಟಿಗೆ ಇವು ನಮ್ಮಲ್ಲಿ ಬಹುಕಾಲದ ಮಾತುಗಳು. ಕುರ್ಚಿ ಎಂಬ ಮಾತು ಅರಬ್ಬಿಯಿಂದ ಬಂದದ್ದು, ಅಲಮಾರು ಪೋರ್ಚುಗೀಸರದು. ನಮ್ಮ ಪೂರ್ವಿಕರು ಊಟಕ್ಕೆ ಮಣೆಯ ಮೇಲೆ, ಹರಟೆಗೆ ಜಗಲಿಯ ಮೇಲೆ, ಗೌರವದ ಅತಿಥಿ ಬಂದರೆ ಜಮಖಾನದ ಮೇಲೆ ಕುಳಿತವರು. ಕುರ್ಚಿ ಮೇಜುಗಳು ಸಾಧಾರಣ ಗೃಹಸ್ಥರ ಮನೆಯೊಳಗೆ ಕಾಲಿಟ್ಟದ್ದು ಇಂಗ್ಲಿಷರ ಕಚೇರಿ, ಶಾಲೆ, ರೈಲು ನಿಲ್ದಾಣಗಳನ್ನು ಕಂಡಮೇಲೆ. ಆದಕಾರಣ "ಆರು ಕುರ್ಚಿಗಳ ಊಟದ ಮೇಜು, ಪಾಳೆಯಗಾರರ ಕಾಲದ್ದು" ಎಂದರೆ ನಕ್ಕು ಮುಂದೆ ಹೋಗಬಹುದು. ಪಾಳೆಯಗಾರರು ಮೇಜಿನ ಮೇಲೆ ಉಣ್ಣುತ್ತಿರಲಿಲ್ಲ. ಅಂಗಡಿಗಳಲ್ಲಿ ಕಾಣುವ ಕುರ್ಚಿ ಮೇಜುಗಳು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗಿನವು. ಅದರಿಂದ ಅವುಗಳ ಯೋಗ್ಯತೆ ಕುಂದುವುದಿಲ್ಲ. ಬೆಲೆ ಮಾತ್ರ ಕುಂದಬೇಕು.

ನಿಜವಾಗಿ ಪ್ರಾಚೀನವಾದವು ಬೇಕಿದ್ದರೆ ಪೆಟ್ಟಿಗೆ, ತೊಟ್ಟಿಲು, ದೇವರ ಮಂಟಪ, ಕೆತ್ತನೆಯ ಬಾಗಿಲು, ಕಾಳಿನ ಪತ್ತಾಯಗಳ ಕಡೆಗೆ ನೋಡಬೇಕು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಇಂಥ ಒಂದು ವಸ್ತು. ಪುರಾಣದ ಚಿತ್ರಗಳನ್ನು ಬರೆದ ಆ ತೊಟ್ಟಿಲು ಒಂದೇ ಮನೆಯ ತಲೆಮಾರುಗಳನ್ನು ತೂಗುತ್ತ ಬಂದಿರುತ್ತದೆ. ಅಂಥದು ನಿಮ್ಮ ಮನೆಯಲ್ಲಿದ್ದರೆ ಕೊಡಬೇಡಿರಿ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟಾದ್ದರಿಂದ ಮಗು ಅಂಚನ್ನು ಕಚ್ಚದಂತೆ ಬಟ್ಟೆ ಸುತ್ತಿದರೆ ಸರಿ.

ಹಳೆಯದು ಯಾವುದು, ಹಳೆಯದಾಗಿ ಮಾಡಿದ್ದು ಯಾವುದು ಎಂಬುದನ್ನು ಕಂಡುಹಿಡಿಯಲು ಸಾಮಾನಿನ ಮುಖ ನೋಡಬಾರದು, ಅಡಿ ನೋಡಬೇಕು. ಮೇಜನ್ನು ಮಗುಚಿ ಹಾಕಿಸಿ, ಒಳಹಲಗೆಯ ಮೇಲೆ ಅಂಗೈ ಆಡಿಸಿರಿ. ಕೈಯ ಉಜ್ಜುಗೊರಡಿನಿಂದ ನಯಮಾಡಿದ ಹಲಗೆಯಲ್ಲಿ ಸಣ್ಣ ಅಲೆಗಳಂಥ ಏರಿಳಿತ ಕೈಗೆ ತಾಗುತ್ತದೆ. ಯಂತ್ರದಿಂದ ಬಂದ ಹಲಗೆ ಗಾಜಿನಂತೆ ಒಂದೇ ಸಮ. ಮೇಜಿನ ಎಳೆಯುವ ಖಾನೆಯನ್ನು ಪೂರಾ ಹೊರಗೆ ತೆಗೆದು ಅದರ ಮೂಲೆಯನ್ನು ಪರೀಕ್ಷಿಸಬೇಕು. ಹಳೆಯ ಬಡಗಿ ಎರಡು ಹಲಗೆಗಳನ್ನು ಹಕ್ಕಿಯ ಬಾಲದಂತೆ ಅಗಲಿಸಿದ ಹಲ್ಲುಗಳಿಂದ ಕಚ್ಚಿಸುತ್ತಿದ್ದ. ಕೈಯಿಂದ ಕೊರೆದ ಆ ಹಲ್ಲುಗಳು ಒಂದರಂತೆ ಒಂದಿರುವುದಿಲ್ಲ. ನೂರಾರು ಸಲ ಎಳೆದು ತಳ್ಳಿದ ಖಾನೆಯ ಕೆಳಅಂಚು ಸವೆದಿರಲೇಬೇಕು. ಮೇಲೆಲ್ಲ ಮುಪ್ಪು, ಕೆಳಅಂಚು ಹೊಚ್ಚಹೊಸದು ಎಂದರೆ ಆ ಮುಪ್ಪು ಬಣ್ಣದ ಡಬ್ಬಿಯಿಂದ ಬಂದದ್ದು.

ದುಂಡು ಮೇಜಾದರೆ ಇನ್ನೊಂದು ಸೊಗಸಾದ ಪರೀಕ್ಷೆಯಿದೆ. ಮರ ತನ್ನ ಎಳೆಯ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಕುಗ್ಗುತ್ತದೆ. ಆದ್ದರಿಂದ ಗಟ್ಟಿ ಹಲಗೆಯ ಹಳೆಯ ದುಂಡು ಮೇಜು ಕಾಲಕ್ರಮದಲ್ಲಿ ಕೂದಲೆಳೆಯಷ್ಟು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಪಟ್ಟಿಯಿಟ್ಟು ಅಳೆದರೆ ಸ್ವಲ್ಪವಾದರೂ ವ್ಯತ್ಯಾಸ ಕಾಣಬೇಕು. ಅಪ್ಪಟ ವೃತ್ತವೆಂದರೆ ಸಂಶಯಪಡಿರಿ.

ಸವೆತ ಎಲ್ಲಿದೆ ಎಂಬುದೂ ಒಂದು ಭಾಷೆ. ಕುರ್ಚಿಯ ತೋಳಿನ ತುದಿ, ಮುಂಗಾಲಿನ ಅಡ್ಡಪಟ್ಟಿ, ಪೆಟ್ಟಿಗೆಯ ಮುಚ್ಚಳದ ನಡುಭಾಗ ಇವು ಮನುಷ್ಯರ ಕೈಕಾಲು ತಾಗುವ ಜಾಗಗಳು. ಕೈಯೇ ಹೋಗದ ಬೆನ್ನಿನ ಹಿಂಬದಿಯಲ್ಲಿ ಪೆಟ್ಟು, ಗೀರುಗಳು ತುಂಬಿದ್ದರೆ ಸರಪಳಿಯಿಂದ ಹೊಡೆದು ಮಾಡಿದ್ದೆಂದು ಊಹಿಸಬಹುದು. ಮರದ ವಿಷಯದಲ್ಲೂ ವಂಚನೆಯುಂಟು. ಬೀಟೆಯೆಂದು ಮಾರುವ ಎಷ್ಟೋ ಸಾಮಾನು ಕಪ್ಪು ಪಾಲಿಶಿನ ಅಂಗಿ ತೊಟ್ಟ ಹಗುರ ಮರ. ಅಡಿಯಲ್ಲಿ ಕಾಣದ ಕಡೆ ಉಗುರಿನಷ್ಟು ಕೆರೆದು ನೋಡಲು ಅಪ್ಪಣೆ ಕೇಳಿರಿ. ಬೀಟೆ ಒಳಗೂ ನೇರಿಳೆ ಛಾಯೆಯ ಕಂದು, ಕರಿಗೆರೆಗಳುಳ್ಳದ್ದು. ತೇಗ ಹೊಂಬಣ್ಣದ್ದು, ಮುಟ್ಟಿದರೆ ತುಸು ಎಣ್ಣೆಯ ಜಿಡ್ಡು. ಹಲಸು ಎಳೆಯದಿರುವಾಗ ಅರಿಸಿನ, ಮುಪ್ಪಿನಲ್ಲಿ ಕೆಂಗಂದು. ಬೀಟೆಯಷ್ಟು ಪ್ರತಿಷ್ಠೆ ಅದಕ್ಕಿಲ್ಲ. ಆದರೆ ಬೆಲೆಗೂ ಬಾಳಿಕೆಗೂ ಹೋಲಿಸಿ ನೋಡಿದರೆ ಸಾಧಾರಣ ಸಂಸಾರಕ್ಕೆ ಹಲಸಿನ ಪೆಟ್ಟಿಗೆಯೇ ಒಳ್ಳೆಯದು. ಪ್ರತಿಷ್ಠೆಯ ಮೇಲೆ ಯಾರೂ ಕಂಬಳಿ ಮಡಿಸಿಡುವುದಿಲ್ಲವಷ್ಟೆ.

ಕುಟ್ಟೆಹುಳುವಿನ ಗುರುತು ಹಿಟ್ಟು. ತೂತು ಹಳೆಯದಾಗಿದ್ದು ಒಳಗೆ ಹುಳು ಸತ್ತಿದ್ದರೆ ಹೆದರಬೇಕಿಲ್ಲ. ಮನೆಗೆ ತಂದ ಸಾಮಾನನ್ನು ಬೇರೆ ಮರಗಳಿಂದ ದೂರವಿಟ್ಟು, ಕೆಳಗೆ ಬಿಳಿಯ ಕಾಗದ ಹಾಸಿ ಕೆಲವು ವಾರ ಗಮನಿಸಬೇಕು. ಕಾಗದದ ಮೇಲೆ ಹೊಸ ಹಿಟ್ಟು ಉದುರಿದರೆ ಹುಳು ಬದುಕಿದೆ. ಮದ್ದು ಹಾಕಿಸಿದ ಹೊರತು ಒಳಕ್ಕೆ ಸೇರಿಸಬಾರದು. ಕಾಲುಗಳೇ ಟೊಳ್ಳಾದದ್ದನ್ನು, ಎಷ್ಟೇ ಹಳೆಯದಿರಲಿ, ಬಿಟ್ಟುಬಿಡುವುದು ವಿವೇಕ. ಹಳೆಯದೆಲ್ಲ ಹೊನ್ನಲ್ಲ. ನಮ್ಮ ಹಿರಿಯರ ಕಾಲದಲ್ಲೂ ಅರೆಗೆಲಸದ ಬಡಗಿಗಳಿದ್ದರು.

ಕೊಳ್ಳುವ ಮುನ್ನ ಕಣ್ಣು ಪಳಗಬೇಕು

ಕಣ್ಣು ಪಳಗುವುದು ಅಂಗಡಿಯಲ್ಲಿ ಅಲ್ಲ. ಅಲ್ಲಿ ಎಲ್ಲವೂ ಮಾರಾಟಕ್ಕೆ ಸಿಂಗರಿಸಿಕೊಂಡಿರುತ್ತವೆ. ಮಣಿಪಾಲದ ಪಾರಂಪರಿಕ ಗ್ರಾಮಕ್ಕೆ ಒಂದು ದಿನ ಹೋಗಿ ಬರಬೇಕು. ಬ್ಯಾಂಕಿನಲ್ಲಿ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು, ಕೆಡವಲ್ಪಡುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಪೆಟ್ಟಿಗೆಗಳು ಕಸವಾಗಿ ಹೋಗುವುದನ್ನು ಸಹಿಸಲಾರದೆ ಕೂಡಿಡತೊಡಗಿದರು. ಕಡೆಗೆ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದರು. ಹರ್ಕೂರಿನ ಮನೆ, ಕುಕನೂರಿನ ಕಮಲ ಮಹಲು ಅಲ್ಲಿ ನಿಂತಿವೆ. ಅವರು ೨೦೧೭ರಲ್ಲಿ ತೀರಿಕೊಂಡರು. ಹಳೆಯ ಸಾಮಾನು ತನ್ನ ಮನೆಯೊಳಗೆ ಎಲ್ಲಿ, ಯಾವುದರ ಪಕ್ಕದಲ್ಲಿ, ಯಾವ ಬೆಳಕಿನಲ್ಲಿ ಇರುತ್ತಿತ್ತು ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ಸಂಗ್ರಹಾಲಯ, ರಾಮನಗರದ ಬಳಿಯ ಜಾನಪದ ಲೋಕ ಇವೂ ಉಪಯುಕ್ತ. ಆಮೇಲೆ ಬೇಕಾದರೆ ಕಾರೈಕುಡಿಯ ಬೀದಿಗಾಗಲಿ, ಕೊಚ್ಚಿಯ ಮಟ್ಟಾಂಚೇರಿಗಾಗಲಿ ಹೋಗಬಹುದು. ಚೆಟ್ಟಿನಾಡಿನ ದೊಡ್ಡ ಮನೆಗಳು ಬರಿದಾದ ಕತೆಯೂ ನಮ್ಮ ಮಲೆನಾಡಿನ ಕತೆಯೂ ಬೇರೆಯಲ್ಲ ಎಂಬುದು ಕಾರೈಕುಡಿಯಲ್ಲಿ ತಾನೇ ತಿಳಿಯುತ್ತದೆ.

ಕಾನೂನಿನ ವಿಷಯದಲ್ಲಿ ಎರಡು ಮೂರು ಮಾತು ತಿಳಿದಿರಲೇಬೇಕು. ಮೈಸೂರಿನ ಕುಶಲಕರ್ಮಿಗಳು ಹಿಂದೆ ಬೀಟೆಯಲ್ಲಿ ದಂತವನ್ನು ಕೂರಿಸಿ ಚಿತ್ರ ಬಿಡಿಸುತ್ತಿದ್ದರು. ೧೯೧೨ರಲ್ಲಿ ಮುಗಿದ ಮೈಸೂರಿನ ಅರಮನೆಯ ಅಂಬಾವಿಲಾಸದಲ್ಲಿ ಆ ಕೆಲಸದ ಬಾಗಿಲು ಇಂದಿಗೂ ಇದೆ. ಆದರೆ ೧೯೮೬ರಲ್ಲಿ ಭಾರತದ ಆನೆಯ ದಂತದ ವ್ಯಾಪಾರವನ್ನೂ ೧೯೯೧ರಲ್ಲಿ ಆಫ್ರಿಕದ ದಂತದ ವ್ಯಾಪಾರವನ್ನೂ ಕಾನೂನು ನಿಲ್ಲಿಸಿತು. ಆದುದರಿಂದ ಎಷ್ಟೇ ಹಳೆಯ ಮೇಜಾದರೂ ಅದರಲ್ಲಿ ದಂತವಿದ್ದರೆ ಕೊಳ್ಳುವುದೂ ಮಾರುವುದೂ ಅಪರಾಧ. "ಹಳೆಯದಕ್ಕೆ ಅಡ್ಡಿಯಿಲ್ಲ" ಎನ್ನುವ ವರ್ತಕನನ್ನು ನಂಬಬಾರದು. ಈಗಿನ ಮೈಸೂರಿನ ಕೂರಿಕೆ ಕೆಲಸದಲ್ಲಿ ದಂತದ ಸ್ಥಾನವನ್ನು ಬಣ್ಣಬಣ್ಣದ ಮರಗಳೂ ಪ್ಲಾಸ್ಟಿಕ್ಕೂ ತುಂಬಿವೆ.

ಅಜ್ಜಿಯ ಪೆಟ್ಟಿಗೆಯನ್ನು ಅಮೆರಿಕಕ್ಕೆ ಒಯ್ಯಬೇಕೆನ್ನುವ ಮಕ್ಕಳಿಗೂ ಒಂದು ಎಚ್ಚರಿಕೆ. ೧೯೭೨ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ. ಅಷ್ಟು ಹಳೆಯದಲ್ಲವೆಂದರೂ ಬೀಟೆಯದಾಗಿದ್ದರೆ ತೊಡಕು ಉಂಟು. ೨೦೧೭ರಿಂದ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟಿಗೆ ಬಂದಿವೆ. ಅಲ್ಪ ತೂಕದ ಸಾಮಾನಿಗೆ ವಿನಾಯಿತಿಯಿದ್ದರೂ ದೊಡ್ಡದಕ್ಕೆ ಪರವಾನಗಿ ಪತ್ರ ಬೇಕು. ಹಡಗಿನ ಬಾಡಿಗೆ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಬೇಕು.

ಎಷ್ಟು ಹಳೆಯ ಸಾಮಾನು ಒಂದು ಮನೆಗೆ ಸಾಕು? ಸಣ್ಣ ಮನೆಗೆ ಒಂದೇ ಸಾಕು. ಒಂದು ಕೋಣೆಯಲ್ಲಿ ಕೆತ್ತನೆಯ ಬಾಗಿಲು, ನಿಲುವುಗನ್ನಡಿ, ಗ್ರಾಮಫೋನು, ಮೂರು ಪೆಟ್ಟಿಗೆ ಕೂಡಿದರೆ ಅದು ಮನೆಯಾಗದು, ಗೋದಾಮಾಗುತ್ತದೆ. ಆ ಒಂದು ವಸ್ತು ದಿನವೂ ಕೆಲಸ ಮಾಡುವಂಥದ್ದಾಗಿರಬೇಕು. ಶ್ಯಾನುಭೋಗರ ಓರೆಮುಚ್ಚಳದ ಲೆಕ್ಕದ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಮಕ್ಕಳು ಪಾಠ ಬರೆಯಬಹುದು. ಚಕ್ಕಳಮಕ್ಕಳ ಹಾಕಿ ಕುಳಿತವರಿಗೆ ಅದರ ಎತ್ತರ ಹೇಳಿಮಾಡಿಸಿದಂತಿರುತ್ತದೆ. ಕಂಪ್ಯೂಟರಿಗೂ ಅದು ಒಗ್ಗುತ್ತದೆ. ಹಾಸಿಗೆ ಹೊದಿಕೆ ತುಂಬಿದ ಉದ್ದ ಪೆಟ್ಟಿಗೆಯ ಮೇಲೆ ಮೆತ್ತೆ ಹಾಸಿದರೆ ಇಬ್ಬರು ಕೂಡಲು ಆಸನ. ಊಟದ ಮೇಜಿನ ಎತ್ತರ ೩೦ ಅಂಗುಲ, ಕುರ್ಚಿಯ ಆಸನ ೧೮ ಅಂಗುಲ ಎಂಬುದು ಈಗಿನ ರೂಢಿ. ಹಳೆಯ ಮೇಜಿಗೆ ಹೊಸ ಕುರ್ಚಿ ಜೋಡಿಸುವವರು ಈ ಅಂತರವನ್ನು ನೋಡಿಕೊಂಡರೆ ಮೊಣಕೈ ನೋಯದು.

ತಂದಮೇಲೆ ಉಜ್ಜಿ ತೆಗೆಯುವ ಹುಚ್ಚು ಬೇಡ. ಗಾಜುಕಾಗದ ಹಿಡಿದು ತಿಕ್ಕಿದರೆ ನೂರು ವರ್ಷದ ಕೈಗಳು ಕೊಟ್ಟ ಹೊಳಪು ಒಂದು ಮಧ್ಯಾಹ್ನದಲ್ಲಿ ಪುಡಿಯಾಗಿ ಉದುರುತ್ತದೆ. ಮೆತ್ತನೆಯ ಬಟ್ಟೆಯನ್ನು ತುಸುವೇ ಒದ್ದೆಮಾಡಿ ಒರೆಸಿ, ಒಣಗಿದ ಮೇಲೆ ಜೇನುಮೇಣ ತೆಳ್ಳಗೆ ಸವರಿದರೆ ಸಾಕು. ತೀರ ಕೆಟ್ಟಿದ್ದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಪಾಲಿಶ್ ಮಾಡುವ ಹಳೆಯ ಕೈಗೆಲಸದವರನ್ನು ಹುಡುಕಬೇಕು. ಬಚ್ಚಲಿನ ಒದ್ದೆ ಗೋಡೆಗೆ ತಾಗಿಸಿ ಇಡಬಾರದು.

ಬೆತ್ತದ ಕುರ್ಚಿ ಹರಿದಿದ್ದರೆ ಪ್ಲಾಸ್ಟಿಕ್ ನವಾರು ಹಾಕಿಸುವ ಆತುರ ಬೇಡ. ಬೆತ್ತ ಹೆಣೆಯುವ ವಿದ್ಯೆ ಇನ್ನೂ ಅಳಿದಿಲ್ಲ. ಅಂಧರ ಶಾಲೆಗಳಲ್ಲಿ ಅದನ್ನು ಬಹುಕಾಲದಿಂದ ಕಲಿಸುತ್ತ ಬಂದಿದ್ದಾರೆ. ಸರಕಾರಿ ಕಚೇರಿಗಳ ಎಷ್ಟೋ ಕುರ್ಚಿಗಳು ಕಣ್ಣಿಲ್ಲದ ಆ ಕುಶಲಿಗಳ ಬೆರಳುಗಳಲ್ಲಿ ಮರುಹುಟ್ಟು ಪಡೆದಿವೆ. ಬೆತ್ತವನ್ನು ನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ, ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಹೀಗೆ ಪದರ ಪದರವಾಗಿ ಹೆಣೆಯುತ್ತಾರೆ. ಆಸನ ಹರಿಯದೆ ಬರಿಯ ಜೋತಿದ್ದರಂತೂ ಖರ್ಚೇ ಇಲ್ಲ. ಕುರ್ಚಿಯನ್ನು ಮಗುಚಿ, ಬೆತ್ತದ ಅಡಿಬದಿಗೆ ಒದ್ದೆ ಬಟ್ಟೆಯಿಂದ ಚೆನ್ನಾಗಿ ನೀರು ಹಚ್ಚಿ, ಮರಕ್ಕೆ ತಾಗಿದ ನೀರನ್ನು ಒರೆಸಿ, ಯಾರೂ ಕುಳಿತುಕೊಳ್ಳದಂತೆ ರಾತ್ರಿಯೆಲ್ಲ ನೆರಳಿನಲ್ಲಿ ಬಿಡಬೇಕು. ಒಣಗುತ್ತ ಬೆತ್ತ ಬಿಗಿಯುತ್ತದೆ. ಬೆಳಗಾಗುವ ಹೊತ್ತಿಗೆ ಬೆರಳಿನಿಂದ ತಟ್ಟಿದರೆ ಸಣ್ಣಗೆ ನಾದ ಬರುತ್ತದೆ.